ಪೆಟ್ಟಾಗದಂತೆ ಹೊಡೆಯುವ ವಿದ್ಯೆ: ಬ್ರೆಟ್ ಹಾರ್ಟ್ ಮನೆತನದಲ್ಲಿ ಉಳಿದಿದ್ದೇನು, ಹೋಗಿದ್ದೇನು

2025ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ, ಸೋಲುಗೆಲುವು ಮೊದಲೇ ಬರೆದಿಟ್ಟು ಆಡಿಸುವ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ (ಹಿಂದಿನ ಡಬ್ಲ್ಯುಡಬ್ಲ್ಯುಎಫ್) ತನ್ನ ಹಾಲ್ ಆಫ್ ಫೇಮ್‌ಗೆ, ಅಂದರೆ ಗೌರವ ಪಟ್ಟಿಗೆ, ಒಂದು ಪಂದ್ಯವನ್ನೇ ಸೇರಿಸಿಕೊಂಡಿತು. ಅದು 1997ರ ಮಾರ್ಚ್ 23ರಂದು, ಕಂಪನಿಯ ವಾರ್ಷಿಕ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 13ರಲ್ಲಿ ಕೆನಡಾದ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ನಡುವೆ ನಡೆದ, ಪಟ್ಟಿಗೆ ಸಿಕ್ಕವರು ಸೋಲೊಪ್ಪಿದಾಗ ಮುಗಿಯುವ ಸಬ್‌ಮಿಷನ್ ಪಂದ್ಯ. ಬ್ರೆಟ್‌ಗೆ ಈ ಗೌರವ ಮೂರನೇ ಸಲ. 2006ರಲ್ಲಿ ಒಬ್ಬರೇ ಸೇರಿದ್ದರು. 2019ರಲ್ಲಿ, ಅದರ ಹಿಂದಿನ ವರ್ಷ ತೀರಿಕೊಂಡಿದ್ದ ಭಾವ ಜಿಮ್ ನೈಡ್‌ಹಾರ್ಟ್ ಜತೆಗಿನ ಜೋಡಿಯಾಗಿ ಸೇರಿದರು. ಆ ಸಮಾರಂಭದಲ್ಲಿ ಪ್ರೇಕ್ಷಕನೊಬ್ಬ ರಿಂಗಿಗೆ ನುಗ್ಗಿ 61 ವರ್ಷದ ಬ್ರೆಟ್‌ರನ್ನು ನೆಲಕ್ಕೆ ಕೆಡವಿದ್ದೂ ಆಯಿತು.

ಇಂಥ ಸಂದರ್ಭಗಳಲ್ಲಿ ಎಲ್ಲರೂ ‘ಹಾರ್ಟ್ ಮನೆತನದ ಪರಂಪರೆ’ ಎನ್ನುತ್ತಾರೆ. ಹಾಗೆಂದರೇನು ಎಂದು ಬಿಡಿಸಿ ಹೇಳುವವರು ಕಡಿಮೆ. ಐದು ಸಲ ಡಬ್ಲ್ಯುಡಬ್ಲ್ಯುಎಫ್ ಚಾಂಪಿಯನ್, ಗುಲಾಬಿ-ಕಪ್ಪು ಉಡುಪು, ಅಖಾಡದ ಅಂಚಿನಲ್ಲಿ ಕೂತ ಮಗುವಿಗೆ ತೊಡಿಸುತ್ತಿದ್ದ ಕನ್ನಡಕ, ಇವೆಲ್ಲ ಮೇಲಿನ ಬಣ್ಣ. ಬ್ರೆಟ್ ಸ್ವತಃ ಹೆಮ್ಮೆಯಿಂದ ಹೇಳಿಕೊಳ್ಳುವುದು ಬೇರೆಯದನ್ನೇ: ತನ್ನ ಕೈಯಲ್ಲಿ ಯಾವ ಎದುರಾಳಿಗೂ ಗಂಭೀರ ಗಾಯವಾಗಿಲ್ಲ ಎಂಬುದನ್ನು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಹುಡುಗರು ಆಡುತ್ತಿದ್ದ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲ ಇರುತ್ತಿತ್ತು. ಈ ಲೆಕ್ಕಕ್ಕೆ ಮಾತ್ರ ಜಾಗ ಇರಲಿಲ್ಲ. ಹಾರ್ಟ್ ಮನೆತನದ ನಿಜವಾದ ಆಸ್ತಿ ಅದೇ ಎಂಬುದು ಈ ಲೇಖನದ ವಾದ. ಆ ಆಸ್ತಿಗೆ ಉದ್ಯಮ ಬೆಲೆ ಕಟ್ಟಲಿಲ್ಲ. ಆ ವಿದ್ಯೆ ಬಾರದವರ ಕೈಯಲ್ಲೇ ಮನೆಯವರು ಸಿಕ್ಕಿಬಿದ್ದರು. ಒಮ್ಮೆ ಮನೆಯವರೇ ಕೈತಪ್ಪಿದರು.

ನೆಲಮಾಳಿಗೆಯ ಗರಡಿ

ಸ್ಟೂ ಹಾರ್ಟ್ 1915ರಲ್ಲಿ ಹುಟ್ಟಿದವರು. ಅಮೆಚೂರ್ ಕುಸ್ತಿಯಲ್ಲಿ 1940ರಲ್ಲಿ ಕೆನಡಾದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. 1948ರಲ್ಲಿ ಅವರು ಶುರುಮಾಡಿದ ಕುಸ್ತಿ ಕಂಪನಿ ಮುಂದೆ ‘ಸ್ಟ್ಯಾಂಪೀಡ್ ರೆಸ್ಲಿಂಗ್’ ಎಂದು ಹೆಸರಾಯಿತು. ಕ್ಯಾಲ್ಗರಿಯಲ್ಲಿ ವಾರದ ಪಂದ್ಯ, ಉಳಿದ ದಿನ ವ್ಯಾನಿನಲ್ಲಿ ಹಿಮದ ರಸ್ತೆ ಹಿಡಿದು ಆಲ್ಬರ್ಟಾ, ಸಸ್ಕಾಚೆವಾನ್, ಗಡಿಯಾಚೆ ಮೊಂಟಾನಾ. ಹೆಂಡತಿ ಹೆಲೆನ್ ನ್ಯೂಯಾರ್ಕಿನವರು, ಒಲಿಂಪಿಕ್ ಮ್ಯಾರಥಾನ್ ಓಟಗಾರನ ಮಗಳು. ಅವರಿಗೆ ಕುಸ್ತಿಯೆಂದರೆ ಅಷ್ಟಕ್ಕಷ್ಟೆ. ಆದರೂ ಹನ್ನೆರಡು ಮಕ್ಕಳಾದರು. ಎಂಟು ಗಂಡು, ನಾಲ್ಕು ಹೆಣ್ಣು. ಗಂಡುಮಕ್ಕಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಧಂಧೆಗೇ ಬಂದರು, ಹೆಣ್ಣುಮಕ್ಕಳು ನಾಲ್ವರೂ ಪೈಲ್ವಾನರನ್ನೇ ಮದುವೆಯಾದರು. 1957ರ ಜುಲೈ 2ರಂದು ಹುಟ್ಟಿದ ಬ್ರೆಟ್ ಎಂಟನೆಯವರು, 1965ರಲ್ಲಿ ಹುಟ್ಟಿದ ಓವನ್ ಕೊನೆಯವರು.

ಕ್ಯಾಲ್ಗರಿಯ ಪ್ಯಾಟರ್ಸನ್ ಹೈಟ್ಸ್‌ನ ಆ ದೊಡ್ಡ ಮನೆಯ ನೆಲಮಾಳಿಗೆಗೆ ‘ಡಂಜನ್’ ಎಂದು ಹೆಸರು. ತಗ್ಗು ಚಾವಣಿ, ನೆಲಕ್ಕೆ ಚಾಪೆ, ಭಾರ ಎತ್ತುವ ಸಾಮಾನು, ಅಷ್ಟೇ. ಹೊಸಬ ಬಂದರೆ ಸ್ಟೂ ಮೊದಲು ಮಾಡುತ್ತಿದ್ದುದು ‘ಸ್ಟ್ರೆಚಿಂಗ್’. ಅಂದರೆ ನಿಜವಾದ ಪಟ್ಟು ಹಾಕಿ, ಕೀಲು ಎಲ್ಲಿಯವರೆಗೆ ಬಗ್ಗುತ್ತದೋ ಅಲ್ಲಿಯವರೆಗೆ ಬಗ್ಗಿಸಿ ಹಿಡಿಯುವುದು. ಕಿರುಚಾಟ ಮೇಲಿನ ಅಡುಗೆಮನೆಗೆ ಕೇಳಿಸುತ್ತಿತ್ತು. ಇದನ್ನು ಕ್ರೌರ್ಯದ ಕತೆಯಾಗಿ ಹೇಳುವುದೇ ರೂಢಿ. ಅದರಲ್ಲಿ ಸ್ವಲ್ಪ ಕ್ರೌರ್ಯವೂ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ಒಂದು ಪಟ್ಟು ಎಲ್ಲಿ ನೋವಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ಅಂತರ ಮೈಯಿಂದಲೇ ತಿಳಿದವನಿಗೆ ಮಾತ್ರ ಆ ಅಂತರದ ಈಚೆ ನಿಲ್ಲಲು ಬರುತ್ತದೆ. ನಾಟಕದ ಕುಸ್ತಿಗೆ ನಿಜವಾದ ಕುಸ್ತಿ ಬೇಕಾಗುವುದು ಇಲ್ಲಿ.

ಬ್ರೆಟ್‌ಗೆ ವೃತ್ತಿ ಕುಸ್ತಿ ಕಲಿಸಿದವರು ಅಪ್ಪನಿಗಿಂತ ಹೆಚ್ಚಾಗಿ ಇಬ್ಬರು ಜಪಾನಿ ಪೈಲ್ವಾನರು: ಕತ್ಸುಜಿ ಅದಾಚಿ ಮತ್ತು ಕಜುವೊ ಸಕುರಾದ. ಕಲಿಸಿದ ಮೊದಲ ಪಾಠ ಬೀಳುವುದು. ರಿಂಗ್ ಮೆತ್ತಗಿರುತ್ತದೆ ಎಂಬುದು ತಪ್ಪು ನಂಬಿಕೆ. ಕೆಳಗೆ ಉಕ್ಕಿನ ತೊಲೆ, ಮೇಲೆ ಮರದ ಹಲಗೆ, ಅದರ ಮೇಲೆ ತೆಳು ಫೋಮ್, ಕೊನೆಗೆ ಬಿಗಿದು ಕಟ್ಟಿದ ಕ್ಯಾನ್ವಾಸ್. ಬೆನ್ನ ಮೇಲೆ ಬೀಳುವಾಗ ಗಲ್ಲ ಎದೆಗೆ ತಾಗಿರಬೇಕು. ಇಲ್ಲದಿದ್ದರೆ ತಲೆಯ ಹಿಂಭಾಗ ಚಾಟಿಯಂತೆ ಹಲಗೆಗೆ ಬಡಿಯುತ್ತದೆ. ಎರಡೂ ಭುಜ, ಬೆನ್ನಿನ ಮೇಲ್ಭಾಗ, ಅಂಗೈ, ಪಾದ ಒಟ್ಟಿಗೇ ನೆಲ ಮುಟ್ಟಬೇಕು. ಹೊಡೆತ ಹರಡಿದಷ್ಟೂ ಒಂದೇ ಜಾಗಕ್ಕೆ ಬೀಳುವ ಪೆಟ್ಟು ಕಡಿಮೆ. ಮೊಣಕೈ ಊರಿ ಬಿದ್ದರೆ ಭುಜ ಹೋಯಿತು, ಅಂಗೈ ಹಿಂದಕ್ಕೆ ಊರಿದರೆ ಮಣಿಕಟ್ಟು ಹೋಯಿತು.

ಶಾರ್ಪ್‌ಶೂಟರ್ ಬಿಡಿಸಿ ನೋಡಿದರೆ

ಬ್ರೆಟ್ ಹೆಸರಿಗೆ ಅಂಟಿದ ಪಟ್ಟು ಶಾರ್ಪ್‌ಶೂಟರ್. ಅದು ಅವರ ಸೃಷ್ಟಿಯಲ್ಲ. ಜಪಾನಿನಲ್ಲಿ ರಿಕಿ ಚೋಶು ಅದಕ್ಕೆ ಹೆಸರು ತಂದಿದ್ದರು, ಅಲ್ಲಿ ಅದನ್ನು ಚೇಳಿನ ಪಟ್ಟು ಎನ್ನುತ್ತಾರೆ. ಹಾಕುವ ಕ್ರಮ ಹೀಗೆ. ಎದುರಾಳಿ ಅಂಗಾತ ಬಿದ್ದಿರುತ್ತಾನೆ. ಅವನ ಎರಡೂ ಕಾಲು ಹಿಡಿದು ನಡುವೆ ತನ್ನ ಒಂದು ಕಾಲಿಟ್ಟು, ಅವನ ಕಣಕಾಲುಗಳನ್ನು ತನ್ನ ಆ ಕಾಲಿನ ಸುತ್ತ ಒಂದರ ಮೇಲೊಂದು ಹೆಣೆಯಬೇಕು. ಮೇಲಿನ ಪಾದವನ್ನು ಕಂಕುಳಲ್ಲಿ ಸಿಕ್ಕಿಸಿ, ಇನ್ನೊಂದು ಕಾಲನ್ನು ಅವನ ಮೈಮೇಲಿಂದ ದಾಟಿಸಿ ತಿರುಗಬೇಕು. ತಿರುಗಿದಂತೆ ಅವನು ಬೋರಲಾಗುತ್ತಾನೆ. ಆಮೇಲೆ ಹಿಂದಕ್ಕೆ ವಾಲಿ ಕೂರುವುದು.

ತಪ್ಪುವುದು ಎರಡು ಕಡೆ. ತಿರುಗುವಾಗ ಹೆಣಿಗೆ ತೀರಾ ಬಿಗಿಯಾಗಿದ್ದು, ಕೆಳಗಿದ್ದವನು ಅದೇ ಕ್ಷಣಕ್ಕೆ ಮೈ ಹೊರಳಿಸದಿದ್ದರೆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಕೂರುವಾಗ ಪೂರ್ತಿ ಭಾರ ಬಿಟ್ಟರೆ ಸೊಂಟದ ಮೂಳೆಗಳು ಹಿಂದಕ್ಕೆ ಮಡಚುತ್ತವೆ. ಹಾಗಾಗಿ ಪಟ್ಟು ಹಾಕಿದವನು ನೋಡುವವರ ಕಣ್ಣಿಗೆ ಕೂತಿರುತ್ತಾನೆ, ತನ್ನ ತೊಡೆಯ ಮೇಲೆ ನಿಂತಿರುತ್ತಾನೆ. ಮುಖದಲ್ಲಿ ಕಾಣುವ ಶ್ರಮ ಸುಳ್ಳಲ್ಲ. ಆದರೆ ಅದು ಎದುರಾಳಿಯನ್ನು ಬಗ್ಗಿಸುವ ಶ್ರಮವಲ್ಲ, ಬಗ್ಗದಂತೆ ತಡೆಯುವ ಶ್ರಮ.

1991ರಲ್ಲಿ, ಡಬ್ಲ್ಯುಡಬ್ಲ್ಯುಎಫ್‌ನ ಬೇಸಿಗೆಯ ದೊಡ್ಡ ಕಾರ್ಯಕ್ರಮ ಸಮ್ಮರ್‌ಸ್ಲ್ಯಾಮ್‌ನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಇದು ಪರೀಕ್ಷೆಗೆ ಬಂತು. ಮಿಸ್ಟರ್ ಪರ್ಫೆಕ್ಟ್ ಹೆಸರಿನಲ್ಲಿ ಆಡುತ್ತಿದ್ದ ಕರ್ಟ್ ಹೆನ್ನಿಗ್ ಬೆನ್ನಿಗೆ ಪೆಟ್ಟು ಮಾಡಿಕೊಂಡು ಮಲಗಿದ್ದವರು, ಇಂಟರ್‌ಕಾಂಟಿನೆಂಟಲ್ ಪಟ್ಟ ಬಿಟ್ಟುಕೊಡಲೆಂದೇ ಬಂದಿದ್ದರು. ಪಂದ್ಯ ಮುಗಿಸಬೇಕಿದ್ದುದು ಬೆನ್ನು ಮುರಿಯುವ ಪಟ್ಟಿನಿಂದ, ಎದುರಾಳಿಗೆ ಇರುವುದೇ ಬೆನ್ನುನೋವು. ಅವರು ಮಾಡಿದ್ದೇನೆಂದರೆ, ಹೆನ್ನಿಗ್ ಮೇಲಿಂದ ಕಾಲು ಬೀಸಿ ಬೀಳುವಾಗ ಕೆಳಗೆ ಮಲಗಿದ್ದ ಬ್ರೆಟ್ ಆ ಕಾಲನ್ನೇ ಹಿಡಿದು, ಮಲಗಿದಲ್ಲಿಂದಲೇ ಹೊರಳಿಸಿ ಪಟ್ಟಿಗೆ ತಂದರು. ಕೂರುವಷ್ಟರಲ್ಲಿ ರೆಫರಿ ಪಂದ್ಯ ಮುಗಿಸಿದರು. ಜನ ಕಂಡದ್ದು ಚುರುಕುತನ. ಆದದ್ದು ನೋವಿನ ಬೆನ್ನಿಗೆ ಆದಷ್ಟು ಕಡಿಮೆ ಹೊತ್ತು ಭಾರ.

ಮರುವರ್ಷ, 1992ರ ಆಗಸ್ಟ್ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ತಂಗಿಯ ಗಂಡ ಡೇವಿ ಬಾಯ್ ಸ್ಮಿತ್ ಎದುರು ಇನ್ನೊಂದು ಬಗೆಯ ಪರೀಕ್ಷೆ. ಕಂಪನಿ ಘೋಷಿಸಿದ ಪ್ರೇಕ್ಷಕರ ಸಂಖ್ಯೆ 80,355. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ಮಿತ್‌ಗೆ ಮೊದಲೇ ಮಾತಾಡಿಕೊಂಡದ್ದೆಲ್ಲ ಮರೆತುಹೋಯಿತಂತೆ. ಉಳಿದ ಪಂದ್ಯವನ್ನು ಬ್ರೆಟ್ ಕಿವಿಯಲ್ಲಿ ಪಿಸುಗುಟ್ಟುತ್ತಾ ನಡೆಸಿದ್ದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗೆದ್ದದ್ದು ಸ್ಮಿತ್. ತನ್ನ ಅತ್ಯುತ್ತಮ ಪಂದ್ಯಗಳಲ್ಲೊಂದು ಎಂದು ಬ್ರೆಟ್ ಹೇಳುವುದು ತಾವು ಸೋತ ಇದನ್ನೇ.

ಕೈತಪ್ಪಿದ ಒಂದು ದಿನ

ಹಾಗೆಂದು ಹಾರ್ಟ್ ಎಂದರೆ ಸುರಕ್ಷಿತ ಎಂದು ಷರಾ ಬರೆದುಬಿಡುವಂತಿಲ್ಲ. 1997ರ ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್, ಸ್ಟೀವ್ ಆಸ್ಟಿನ್‌ಗೆ ಪೈಲ್‌ಡ್ರೈವರ್ ಹಾಕಿದರು. ಎದುರಾಳಿಯನ್ನು ತಲೆಕೆಳಗಾಗಿ ಎತ್ತಿ, ಅಪ್ಪಿ ಹಿಡಿದು, ತಲೆ ತೊಡೆಗಳ ನಡುವೆ ಇರುವಂತೆ ನೆಲಕ್ಕೆ ಇಳಿಯುವುದು ಈ ಪಟ್ಟು. ಇಳಿಯುವುದರಲ್ಲಿ ಎರಡು ಬಗೆ. ಮಂಡಿಯೂರಿ ಇಳಿದರೆ ತೊಡೆ ನೆಟ್ಟಗಿರುತ್ತದೆ, ತಲೆಗೂ ನೆಲಕ್ಕೂ ನಡುವೆ ಅಂತರ ಉಳಿಯುತ್ತದೆ. ಕುಂಡೆಯೂರಿ ಕೂತರೆ ತೊಡೆ ನೆಲಕ್ಕೆ ಸಮವಾಗುತ್ತದೆ. ತಲೆ ತೊಡೆಯ ಮಟ್ಟಕ್ಕಿಂತ ಒಂದಿಷ್ಟು ಕೆಳಗಿದ್ದರೂ ಇಬ್ಬರ ಭಾರವೂ ಕುತ್ತಿಗೆಯ ಮೇಲೆ. ಯಾವ ಬಗೆ ಎಂದು ಆಸ್ಟಿನ್ ಮೊದಲೇ ವಿಚಾರಿಸಿದ್ದರು. ಓವನ್ ಕೂತರು. ಆಸ್ಟಿನ್ ತಲೆ ತೊಡೆಯಿಂದ ಕೆಳಗೆ ಇಳಿದಿತ್ತು.

ಆಮೇಲಿನ ಒಂದೆರಡು ನಿಮಿಷ ಈಗಲೂ ನೋಡಲು ಕಷ್ಟ. ಆಸ್ಟಿನ್ ಕೈಕಾಲು ಆಡಿಸಲಾಗದೆ ಬಿದ್ದಿದ್ದಾರೆ. ಓವನ್‌ಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿದೆ. ಜನರತ್ತ ತಿರುಗಿ ಬೈಯುತ್ತಾ, ಕೈ ಬೀಸುತ್ತಾ ಸಮಯ ಕಳೆಯುತ್ತಿದ್ದಾರೆ. ಕೊನೆಗೆ ಆಸ್ಟಿನ್ ತೆವಳಿಕೊಂಡು ಬಂದು ಹಿಂದಿನಿಂದ ಹಿಡಿದೆಳೆದಾಗ ಓವನ್ ತಾವೇ ಉರುಳಿ ಸೋತರು. ಆಸ್ಟಿನ್ 2003ರಲ್ಲಿ ನಿವೃತ್ತರಾಗುವಲ್ಲಿ ಆ ಕುತ್ತಿಗೆಯ ಪಾಲು ದೊಡ್ಡದು. ಉದ್ಯಮದಲ್ಲೇ ನಯವಾದ ಕೈ ಎಂದು ಹೆಸರಾಗಿದ್ದವರಿಂದಲೇ ಹೀಗಾಯಿತು ಎಂಬುದನ್ನು ಗಮನಿಸಬೇಕು. ಕೆಲವು ಪಟ್ಟುಗಳಲ್ಲಿ ಕೈಚಳಕಕ್ಕೆ ಉಳಿದಿರುವ ಜಾಗವೇ ನಾಲ್ಕು ಬೆರಳಿನಷ್ಟು. ಅಲ್ಲಿ ಪರಂಪರೆ ನೆರವಿಗೆ ಬರುವುದಿಲ್ಲ.

ಇದಕ್ಕೆ ನಾಲ್ಕು ತಿಂಗಳು ಮುಂಚಿನ ರೆಸಲ್‌ಮೇನಿಯಾ 13ರ ಪಂದ್ಯವನ್ನು ಈ ಬೆಳಕಿನಲ್ಲಿ ನೋಡಿ. ಶಾರ್ಪ್‌ಶೂಟರ್‌ನಲ್ಲಿ ಸಿಕ್ಕಿ, ಮುಖದ ತುಂಬ ರಕ್ತ ಸುರಿಸಿಕೊಂಡು ಕಿರುಚುವ ಆಸ್ಟಿನ್ ಚಿತ್ರ ಈ ಉದ್ಯಮದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು. ಆಗ ಕಂಪನಿಯಲ್ಲಿ ರಕ್ತಕ್ಕೆ ಅನುಮತಿ ಇರಲಿಲ್ಲ. ಇಬ್ಬರೂ ಮಾತಾಡಿಕೊಂಡು, ಬ್ಲೇಡಿನ ಚೂರಿನಿಂದ ಬ್ರೆಟ್ ಆಸ್ಟಿನ್ ಹಣೆಗೆ ಗೀರಿದರು. ಹಣೆಯ ಚರ್ಮದಡಿ ರಕ್ತನಾಳ ದಟ್ಟ, ಗೀರು ಸಣ್ಣದಾದರೂ ಬೆವರಿನೊಂದಿಗೆ ಬೆರೆತು ಮುಖವೆಲ್ಲ ಕೆಂಪಾಗುತ್ತದೆ. ಆಸ್ಟಿನ್ ಸೋಲೊಪ್ಪದೆ ಮೂರ್ಛೆ ಹೋದಂತೆ ಮಾಡಿದರು. ಖಳನಾಗಿ ಬಂದವರು ನಾಯಕರಾಗಿ ಹೋದರು, ನಾಯಕರಾಗಿ ಬಂದ ಬ್ರೆಟ್ ಖಳರಾದರು. ಆಸ್ಟಿನ್ ಮರುದಿನ ಎದ್ದು ಕೆಲಸಕ್ಕೆ ಹೋಗುವಷ್ಟು ಗಟ್ಟಿಯಾಗಿದ್ದರು. ಆಗಸ್ಟಿನಲ್ಲಿ ರಕ್ತದ ಒಂದು ಹನಿಯೂ ಇಲ್ಲದ ಪಂದ್ಯದಲ್ಲಿ ಅವರ ಕುತ್ತಿಗೆ ಹೋಯಿತು. ಈ ಧಂಧೆಯಲ್ಲಿ ಭೀಕರವಾಗಿ ಕಾಣುವುದಕ್ಕೂ ಅಪಾಯಕ್ಕೂ ಸಂಬಂಧ ಅಷ್ಟು ಸಡಿಲ.

ಮಾಂಟ್ರಿಯಲ್

ಮಾಂಟ್ರಿಯಲ್ ಪ್ರಕರಣದ ಬಗ್ಗೆ ಬೇಕಾದಷ್ಟು ಬಂದಿದೆ, ಚಿಕ್ಕದಾಗಿ ಹೇಳಿದರೆ ಸಾಕು. 1996ರಲ್ಲಿ ಪ್ರತಿಸ್ಪರ್ಧಿ ಡಬ್ಲ್ಯುಸಿಡಬ್ಲ್ಯು ಕೊಡಬಂದ ದೊಡ್ಡ ಮೊತ್ತವನ್ನು ಬಿಟ್ಟು ಬ್ರೆಟ್, ಡಬ್ಲ್ಯುಡಬ್ಲ್ಯುಎಫ್ ಮಾಲೀಕ ವಿನ್ಸ್ ಮೆಕ್‌ಮಹೋನ್ ಜತೆ 20 ವರ್ಷದ ಒಪ್ಪಂದ ಮಾಡಿಕೊಂಡರು. ವರ್ಷ ತುಂಬುವಷ್ಟರಲ್ಲಿ ಹಣದ ಮುಗ್ಗಟ್ಟಿದೆ, ಅತ್ತಲೇ ಹೋಗು ಎಂದು ಮೆಕ್‌ಮಹೋನರೇ ಹೇಳಿದರು. ಪಟ್ಟ ಬ್ರೆಟ್ ಸೊಂಟದಲ್ಲಿತ್ತು. ಕೆನಡಾದ ನೆಲದಲ್ಲಿ ಎದುರಾಳಿ ಶಾನ್ ಮೈಕಲ್ಸ್‌ಗೆ ಸೋಲಲಾರೆ ಎಂದರು ಬ್ರೆಟ್. ಒಪ್ಪಂದದ ಕೊನೆಯ 30 ದಿನಗಳಲ್ಲಿ ತನ್ನ ಪಾತ್ರದ ಬಗ್ಗೆ ‘ಸಮಂಜಸ ಹಿಡಿತ’ ತನಗಿರುತ್ತದೆ ಎಂಬ ಷರತ್ತು ಅವರ ಪರವಾಗಿತ್ತು. ಗಲಾಟೆಯಲ್ಲಿ ಪಂದ್ಯ ರದ್ದಾಗುವಂತೆ ಮುಗಿಸುವುದು ಎಂದು ಮಾತಾಯಿತು.

1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಮೈಕಲ್ಸ್, ಬ್ರೆಟ್‌ಗೇ ಶಾರ್ಪ್‌ಶೂಟರ್ ಹಾಕಿದರು. ಬ್ರೆಟ್ ಅದನ್ನು ತಿರುಗಿಸಬೇಕು ಎಂಬುದು ಯೋಜನೆ. ಅಷ್ಟರಲ್ಲಿ ಬ್ರೆಟ್ ಸೋಲೊಪ್ಪಿದರೆಂಬಂತೆ ಮೆಕ್‌ಮಹೋನ್ ಗಂಟೆ ಹೊಡೆಸಿದರು, ರೆಫರಿ ಅರ್ಲ್ ಹೆಬ್ನರ್ ಓಡಿಹೋದರು. ಬ್ರೆಟ್ ಮಾಲೀಕರ ಮುಖಕ್ಕೆ ಉಗುಳಿದರು, ಆಮೇಲೆ ಒಳಗೆ ಕೊಠಡಿಯಲ್ಲಿ ಒಂದು ಗುದ್ದೂ ಕೊಟ್ಟರು.

ಕಾಲು ಶತಮಾನ ಕಳೆದರೂ ಬ್ರೆಟ್ ಇದನ್ನು ಬಿಟ್ಟಿಲ್ಲ ಎಂದು ನಗುವವರಿದ್ದಾರೆ. ಸೋಲುಗೆಲುವು ಮೊದಲೇ ಬರೆದ ಆಟದಲ್ಲಿ ಸೋತದ್ದಕ್ಕೇಕೆ ಇಷ್ಟು ರಂಪ ಎಂಬುದು ಅವರ ಪ್ರಶ್ನೆ. ಕಸುಬಿನ ಒಳಗಿನಿಂದ ನೋಡಿದರೆ ಪ್ರಶ್ನೆಯೇ ಬೇರೆ. ಪಟ್ಟಿಗೆ ಮೈಕೊಡುವುದೆಂದರೆ, ನೀನು ಮುರಿಯುವುದಿಲ್ಲ ಎಂದು ನಂಬಿ ಕಾಲನ್ನೋ ಕುತ್ತಿಗೆಯನ್ನೋ ಇನ್ನೊಬ್ಬರ ಕೈಗಿಡುವುದು. ಹಾಗೆ ಮೈಕೊಟ್ಟ ಗಳಿಗೆಯನ್ನೇ ಬಳಸಿಕೊಂಡು ಮೋಸ ಮಾಡಿದರು ಎಂಬುದು ಬ್ರೆಟ್ ದೂರು. ಮೈಕಲ್ಸ್ ಜತೆ 2010ರಲ್ಲಿ ರಿಂಗಿನಲ್ಲೇ ಕೈಕುಲುಕಿ ರಾಜಿಯಾದರು, ಅದು ಬೇರೆ ಮಾತು.

ಕೊಂಡಿ ಮತ್ತು ಒದೆತ

1999ರಲ್ಲಿ ಏಳು ತಿಂಗಳ ಅಂತರದಲ್ಲಿ ಎರಡು ಅವಘಡ ಮನೆಯನ್ನು ಮುರಿದವು. ಮೊದಲನೆಯದು ಮೇ 23, ಕಾನ್ಸಸ್ ಸಿಟಿಯ ಕೆಂಪರ್ ಅರೀನಾ. ಬ್ಲೂ ಬ್ಲೇಜರ್ ಎಂಬ ಹಾಸ್ಯದ ಸೂಪರ್‌ಹೀರೊ ವೇಷದಲ್ಲಿ ಓವನ್ ಚಾವಣಿಯಿಂದ ಹಗ್ಗದಲ್ಲಿ ಇಳಿಯಬೇಕಿತ್ತು. ನೆಲಕ್ಕೆ ಸ್ವಲ್ಪ ಮೇಲೆ ಸಿಕ್ಕಿಹಾಕಿಕೊಂಡಂತೆ ಒದ್ದಾಡಿ, ಕೊಂಡಿ ತಾವೇ ಬಿಚ್ಚಿ, ಮುಖಡಿಯಾಗಿ ಬಿದ್ದು ನಗಿಸುವುದು ದೃಶ್ಯ. ಮಾಮೂಲಿ ಸುರಕ್ಷಾ ಕೊಂಡಿ ಬಿಚ್ಚಲು ಹೊತ್ತು ಹಿಡಿಯುತ್ತದೆ, ನಗೆ ಸತ್ತುಹೋಗುತ್ತದೆ. ಅದಕ್ಕಾಗಿ ಹಾಯಿದೋಣಿಯ ಹಗ್ಗಕ್ಕೆ ಬಳಸುವ, ಎಳೆದ ತಕ್ಷಣ ತೆರೆದುಕೊಳ್ಳುವ ಕೊಂಡಿ ಹಾಕಿದ್ದರು. ದೋಣಿಯಲ್ಲಿ ಹಾಯಿಯನ್ನು ತಟ್ಟನೆ ಬಿಡಬೇಕಾಗುತ್ತದೆ, ಆ ಕೊಂಡಿಯ ಗುಣವೇ ಅದು. ಮನುಷ್ಯನನ್ನು ತೂಗುಹಾಕುವಲ್ಲಿ ಬೇಕಾದ್ದು ಅದಕ್ಕೆ ತದ್ವಿರುದ್ಧ: ಒಂದೇ ಚಲನೆಗೆ ತೆರೆಯದ, ಬೀಗವಿರುವ ಕೊಂಡಿ, ಜತೆಗೆ ಅದು ಕೈಕೊಟ್ಟರೆ ಹಿಡಿಯಲು ಇನ್ನೊಂದು. ಇಲ್ಲಿ ಎರಡನೆಯದು ಇರಲಿಲ್ಲ. ಮೇಲಿರುವಾಗಲೇ ಕೊಂಡಿ ತೆರೆದುಕೊಂಡಿತು. ಸುಮಾರು 78 ಅಡಿ, ಅಂದರೆ 24 ಮೀಟರ್ ಎತ್ತರದಿಂದ ಬಿದ್ದ ಓವನ್ ಎದೆ ರಿಂಗಿನ ಮೇಲ್ತುದಿಯ ಹಗ್ಗಕ್ಕೆ ಬಡಿಯಿತು. ಅವರು ತೀರಿಕೊಂಡರು, ವಯಸ್ಸು 34. ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಕಾರ್ಯಕ್ರಮ ಮುಂದುವರಿಯಿತು.

ಓವನ್ ಹದಿಹರೆಯದಿಂದ ಕಲಿತ ಯಾವ ವಿದ್ಯೆಗೂ ಅಲ್ಲಿ ಕೆಲಸವಿರಲಿಲ್ಲ. ಅದು ಕುಸ್ತಿಯೇ ಅಲ್ಲ.

ಎರಡನೆಯದು ಡಿಸೆಂಬರ್ 19, ವಾಷಿಂಗ್ಟನ್. ಆಗ ಡಬ್ಲ್ಯುಸಿಡಬ್ಲ್ಯುದಲ್ಲಿದ್ದ ಬ್ರೆಟ್ ತಲೆಗೆ ಗೋಲ್ಡ್‌ಬರ್ಗ್ ಒದೆತ ನಿಜವಾಗಿ ಬಿತ್ತು. ಒದೆಯುವ ಕಾಲು ಗುರಿ ಮುಟ್ಟುವ ಹೊತ್ತಿಗೆ ಬಲ ಹಿಂದೆಗೆದಿರಬೇಕು, ಪಾದದ ಅಗಲ ಭಾಗ ಎದೆ-ಭುಜದ ಕಡೆ ತಾಗಬೇಕು, ಸದ್ದಿಗೆ ತೊಡೆ ಬಡಿದುಕೊಂಡರಾಯಿತು. ಅಮೆರಿಕನ್ ಫುಟ್‌ಬಾಲಿನಿಂದ ಬಂದು ಎರಡೇ ವರ್ಷದಲ್ಲಿ ದೊಡ್ಡ ತಾರೆಯಾಗಿದ್ದ ಗೋಲ್ಡ್‌ಬರ್ಗ್‌ಗೆ ಈ ಅಳತೆ ಕೂತಿರಲಿಲ್ಲ. ಅವರು ನಂತರ ವಿಷಾದ ಹೇಳಿದ್ದಾರೆ, ಬ್ರೆಟ್ ಸಿಟ್ಟು ಇಳಿದಿಲ್ಲ. ಆದರೆ ಹೆಚ್ಚು ಹಾನಿ ಮಾಡಿದ್ದು ಒದೆತದ ನಂತರದ ವಾರಗಳು ಎಂದೇ ಹೇಳಬೇಕು. ಮಿದುಳಿಗೆ ಏಟಾಗಿದೆ ಎಂದು ಗೊತ್ತಾಗದೆ, ಯಾರೂ ತಡೆಯದೆ, ಬ್ರೆಟ್ ಮರುದಿನಗಳಲ್ಲೂ ಆಡಿದರು. ಮೊದಲ ಏಟಿನಿಂದ ಚೇತರಿಸಿಕೊಳ್ಳದ ಮಿದುಳಿಗೆ ಎರಡನೇ ಸಣ್ಣ ಏಟೂ ದೊಡ್ಡದಾಗುತ್ತದೆ. 2000ದ ಅಕ್ಟೋಬರ್‌ನಲ್ಲಿ ಕಂಪನಿ ಒಪ್ಪಂದ ಮುಗಿಸಿತು, ಬ್ರೆಟ್ ನಿವೃತ್ತಿ ಹೇಳಿದರು. 2002ರ ಜೂನ್ 24ರಂದು ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಪಾರ್ಶ್ವವಾಯು ಬಡಿಯಿತು, ಎಡಭಾಗ ಸತ್ತಂತಾಯಿತು. ನಡೆಯಲು ಮತ್ತೆ ಕಲಿತರು. 2010ರಲ್ಲಿ ಮರಳಿ ಬಂದು ಮೆಕ್‌ಮಹೋನ್ ಜತೆ ಆಡಿದ ಪಂದ್ಯದಲ್ಲಿ ಬ್ರೆಟ್ ಒಮ್ಮೆಯೂ ಬೀಳದಂತೆ ಎಲ್ಲವನ್ನೂ ಹೊಂದಿಸಲಾಗಿತ್ತು. ಪಂದ್ಯ ಸಪ್ಪೆ ಎಂದು ಬೈದವರು ಆ ಒಂದು ಕಾರಣವನ್ನು ಮರೆತರು.

ಯಾರ ಪರಂಪರೆ, ಯಾರ ಹಕ್ಕು

ಅಮೆರಿಕದ ದೊಡ್ಡ ಕುಸ್ತಿ ಕಂಪನಿಗಳಲ್ಲಿ ಪೈಲ್ವಾನ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಬೇರೆಡೆ ಆಡುವಂತಿಲ್ಲ, ಹೇಳಿದ ಊರಿಗೆ ಹೇಳಿದ ದಿನ ಹಾಜರಿರಬೇಕು, ಆದರೆ ನಿವೃತ್ತಿ ವೇತನ, ಸಂಘ ಏನೂ ಇಲ್ಲ. ಮಿದುಳಿನ ಏಟಿನ ಬಗ್ಗೆ ಹಳೆಯ ಪೈಲ್ವಾನರು ಹಾಕಿದ್ದ ಮೊಕದ್ದಮೆಗಳನ್ನು ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯ 2018ರಲ್ಲಿ ವಜಾ ಮಾಡಿತು. ಕಂಪನಿ ತನ್ನಷ್ಟಕ್ಕೆ ಕೆಲವು ಬದಲಾವಣೆ ತಂದಿದೆ. 2007ರಲ್ಲಿ ಕ್ರಿಸ್ ಬೆನ್ವಾ ಹೆಂಡತಿ-ಮಗನನ್ನು ಕೊಂದು ಸತ್ತ ಮೇಲೆ, ಅವರ ಮಿದುಳಿನಲ್ಲಿ ಭಾರೀ ಹಾನಿ ಕಂಡುಬಂದಿತ್ತು. ಬೆನ್ವಾ ಕೂಡ ಸ್ಟೂ ಅವರ ಗರಡಿಯ ನೆರಳಿನಲ್ಲಿ ಬೆಳೆದವರೇ. ಆ ನಂತರ ಮಿದುಳಿನ ಏಟಿನ ಪರೀಕ್ಷೆ ಬಂತು, ತಲೆಗೆ ಕುರ್ಚಿಯಿಂದ ಹೊಡೆಯುವುದು ನಿಂತಿತು. ಗುತ್ತಿಗೆಯ ಸ್ವರೂಪ ಮಾತ್ರ ಹಾಗೇ ಇದೆ.

ಇನ್ನೊಂದು ಹಕ್ಕಿನ ಮಾತು ಕಡಿಮೆ ಚರ್ಚೆಯಾಗುತ್ತದೆ. ಅದು ದೃಶ್ಯಗಳದು. ಪೈಲ್ವಾನನ ಜೀವಮಾನದ ಕೆಲಸ ಟೇಪಿನಲ್ಲಿರುತ್ತದೆ, ಟೇಪು ಕಂಪನಿಯದು. 2001ರಲ್ಲಿ ಡಬ್ಲ್ಯುಸಿಡಬ್ಲ್ಯುವನ್ನು ಮೆಕ್‌ಮಹೋನ್ ಕೊಂಡಾಗ ಬ್ರೆಟ್ ವೃತ್ತಿಜೀವನದ ಎರಡೂ ಭಾಗ ಒಂದೇ ಕಪಾಟಿಗೆ ಸೇರಿದವು. 2005ರಲ್ಲಿ ಕಂಪನಿ ಅವರ ಮೇಲೆ ಒಂದು ಡಿವಿಡಿ ಹೊರಡಿಸಲು ಹೊರಟಿತು, ಮೊದಲಿನ ಧಾಟಿ ಹೊಗಳಿಕೆಯದಾಗಿರಲಿಲ್ಲ. ಎಂಟು ವರ್ಷ ಕಂಪನಿಯಿಂದ ದೂರವಿದ್ದ ಬ್ರೆಟ್ ಆ ಕೆಲಸದಲ್ಲಿ ಕೈಜೋಡಿಸಿ ಧಾಟಿ ಬದಲಿಸಿದರು. ಇದನ್ನು ಕ್ಷಮೆ ಎಂದು ಬರೆದವರಿದ್ದಾರೆ. ಕ್ಷಮೆಗಿಂತ ಹೆಚ್ಚಾಗಿ ಇದು ವ್ಯವಹಾರ ಜ್ಞಾನ: ತನ್ನ ಪಂದ್ಯಗಳನ್ನು ಮುಂದಿನ ತಲೆಮಾರು ನೋಡಬೇಕಾದರೆ ಕಪಾಟಿನ ಬೀಗದ ಕೈ ಇರುವವರ ಜತೆ ಮಾತು ಬಿಡುವಂತಿಲ್ಲ.

ಓವನ್ ಪತ್ನಿ ಮಾರ್ಥಾ ಹಾರ್ಟ್ ಹಿಡಿದದ್ದು ಎದುರು ದಾರಿ. 2000ದಲ್ಲಿ ಮೊಕದ್ದಮೆ 1.8 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಆ ಹೊತ್ತಿಗೆ ಮನೆ ಎರಡು ಹೋಳಾಗಿತ್ತು. ಕಂಪನಿಯಲ್ಲಿ ಗಂಡನದೋ ತಮ್ಮದೋ ಅನ್ನವಿದ್ದವರು ಒಂದು ಕಡೆ, ಬ್ರೆಟ್ ಮತ್ತು ಮಾರ್ಥಾ ಒಂದು ಕಡೆ. ಹೆಲೆನ್ 2001ರಲ್ಲಿ, ಸ್ಟೂ 2003ರಲ್ಲಿ ತೀರಿಕೊಂಡರು. ಮಾರ್ಥಾ ಓವನ್ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ ವಿದ್ಯಾರ್ಥಿವೇತನ, ಬಡವರ ವಸತಿಗೆ ನೆರವು ಕೊಡುತ್ತಿದ್ದಾರೆ. ಡಬ್ಲ್ಯುಡಬ್ಲ್ಯುಇ ಹಾಲ್ ಆಫ್ ಫೇಮ್‌ಗೆ ಓವನ್ ಹೆಸರು ಸೇರಿಸಲು ಒಪ್ಪಿಲ್ಲ. ಓವನ್ ಚಿತ್ರ ಮತ್ತು ಹೆಸರನ್ನು ಬಳಸಿದ್ದಕ್ಕೆ 2010ರಲ್ಲಿ ಮತ್ತೆ ದಾವೆ ಹೂಡಿದರು, 2013ರಲ್ಲಿ ರಾಜಿಯಾಯಿತು. 2021ರಲ್ಲಿ ಪ್ರತಿಸ್ಪರ್ಧಿ ಎಇಡಬ್ಲ್ಯು ಜತೆ ಕೈಜೋಡಿಸಿದರು. 2022ರಿಂದ ಅಲ್ಲಿ ಓವನ್ ಹೆಸರಿನ ಟೂರ್ನಿ ನಡೆಯುತ್ತಿದೆ. ಓವನ್‌ರನ್ನು ಹಾಲ್ ಆಫ್ ಫೇಮ್‌ನಲ್ಲಿ ನೋಡುವಾಸೆ ಬ್ರೆಟ್‌ಗಿದೆ, ಬ್ರೆಟ್ ಮತ್ತು ಮಾರ್ಥಾ ನಡುವೆ ಇದೇ ಮುನಿಸು. ಅಭಿಮಾನಿಗಳು ಸಾಮಾನ್ಯವಾಗಿ ಬ್ರೆಟ್ ಪಕ್ಷ. ಆದರೆ ಚಾವಣಿಗೆ ಹತ್ತಿಸಿದವರ ವೇದಿಕೆಯಲ್ಲೇ ಸನ್ಮಾನ ಬೇಡ ಎನ್ನುವ ಹಕ್ಕು ಹೆಂಡತಿಗಿಲ್ಲದೆ ಇನ್ನಾರಿಗಿದೆ?

ಮುಂದಿನವರು

ಸಮೋವಾ ಮೂಲದ ಅನೋಆಯಿ ಮನೆತನ ಇವತ್ತು ರೋಮನ್ ರೇನ್ಸ್ ಮೂಲಕ ಉದ್ಯಮದ ನಡುಮನೆಯಲ್ಲೇ ಇದೆ. ಹಾರ್ಟ್‌ಗಳು ಹಾಗಿಲ್ಲ. ಒಂದು ಕಾರಣ ಸಾವುಗಳೇ: ಡೇವಿ ಬಾಯ್ ಸ್ಮಿತ್ 2002ರಲ್ಲಿ 39ನೇ ವಯಸ್ಸಿಗೆ ಹೋದರು. ಇನ್ನೊಂದು, ಹಾರ್ಟ್‌ಗಳ ಬೇರು ಒಂದು ಪ್ರಾಂತ್ಯದ ಸ್ವಂತ ಕಂಪನಿಯಲ್ಲಿತ್ತು. 1984ರಲ್ಲಿ ಸ್ಟೂ ಅದನ್ನು ಮೆಕ್‌ಮಹೋನ್‌ಗೆ ಮಾರಿದರು, ಮರುವರ್ಷ ಮತ್ತೆ ತೆರೆದರೂ ಆ ದಶಕದಾಚೆ ಬಾಳಲಿಲ್ಲ. ಮನೆಯ ಹುಡುಗರಿಗೆ ತಪ್ಪು ಮಾಡಿ ಕಲಿಯಲು ಇದ್ದ ಸಣ್ಣ ಊರುಗಳ ರಿಂಗುಗಳು ಅದರೊಂದಿಗೇ ಹೋದವು. ಅದೇ ಸ್ಟ್ಯಾಂಪೀಡ್‌ನಲ್ಲಿ ಪಂಜಾಬಿ ಮೂಲದ ಗಾಮಾ ಸಿಂಗ್ ವರ್ಷಗಟ್ಟಲೆ ದೊಡ್ಡ ಖಳನಾಗಿ ಮೆರೆದಿದ್ದರು. ಅವರ ಸೋದರಳಿಯ, ಕ್ಯಾಲ್ಗರಿಯಲ್ಲೇ ಬೆಳೆದ ಜಿಂದರ್ ಮಹಲ್, 2017ರಲ್ಲಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದರು.

ಮನೆಯೊಳಗಿಂದ ಉಳಿದ ಮುಖ್ಯ ಹೆಸರು ನಟಾಲ್ಯಾ, ಜಿಮ್ ನೈಡ್‌ಹಾರ್ಟ್ ಮಗಳು, ಸ್ಟೂ ಮೊಮ್ಮಗಳು. 2010ರಲ್ಲಿ ಮಹಿಳೆಯರ ಡಿವಾಸ್ ಪಟ್ಟ, 2017ರಲ್ಲಿ ಸ್ಮ್ಯಾಕ್‌ಡೌನ್ ಮಹಿಳಾ ಪಟ್ಟ. ಪಟ್ಟಗಳಿಗಿಂತ ಹೆಚ್ಚು ಅರ್ಥವಿರುವುದು, ಹೊಸದಾಗಿ ಬಂದವರ ಮೊದಲ ದೊಡ್ಡ ಪಂದ್ಯಕ್ಕೆ ಕಂಪನಿ ಪದೇಪದೇ ಅವರನ್ನೇ ಎದುರು ನಿಲ್ಲಿಸುತ್ತದೆ ಎಂಬುದಕ್ಕೆ. ಅನನುಭವಿ ಕೈಗೆ ಮೈಕೊಟ್ಟು, ಇಬ್ಬರಿಗೂ ಏನೂ ಆಗದಂತೆ, ಹೊಸಬರೇ ಚೆನ್ನಾಗಿ ಕಾಣುವಂತೆ ನೋಡಿಕೊಳ್ಳುವುದು ವೆಂಬ್ಲಿಯಲ್ಲಿ ಸೋದರಮಾವ ಬ್ರೆಟ್ ಮಾಡಿದ ಕೆಲಸವೇ. ಅದಕ್ಕೆ ಪ್ರಶಸ್ತಿ ಇಲ್ಲ.

ನಟಾಲ್ಯಾ ಗಂಡ ಟಿಜೆ ವಿಲ್ಸನ್ ಡಂಜನ್‌ನಲ್ಲಿ ತಯಾರಾದ ಕೊನೆಯವರಲ್ಲೊಬ್ಬರು, ಟೈಸನ್ ಕಿಡ್ ಹೆಸರಿನಲ್ಲಿ ಆಡುತ್ತಿದ್ದರು. 2015ರ ಜೂನ್ 1ರಂದು, ಟಿವಿಯಲ್ಲಿ ಬಾರದ ಒಂದು ಪಂದ್ಯದಲ್ಲಿ, ತಲೆಕೆಳಗಾಗಿ ಹೆಗಲ ಮೇಲೆ ಹೊತ್ತು ಹಿಂದಕ್ಕೆ ಬೀಳುವ ಪಟ್ಟಿನಲ್ಲಿ ಕುತ್ತಿಗೆ ಮುರಿಯಿತು. 16 ಸ್ಟೇಪಲ್, ನಾಲ್ಕು ಸ್ಕ್ರೂ, ಒಂದು ಸರಳು. ಮತ್ತೆ ಆಡಲಾಗಲಿಲ್ಲ. ಈಗ ಡಬ್ಲ್ಯುಡಬ್ಲ್ಯುಇಯಲ್ಲಿ ಪ್ರೊಡ್ಯೂಸರ್, ಮುಖ್ಯವಾಗಿ ಮಹಿಳೆಯರ ಪಂದ್ಯಗಳಿಗೆ. ಮಧ್ಯಾಹ್ನ ಖಾಲಿ ಅಂಗಣದಲ್ಲಿ ಯಾರು ಎಲ್ಲಿಂದ ಹಾರಬೇಕು, ಕೆಳಗಿರುವವರು ಯಾವ ಕಡೆ ಮುಖ ಮಾಡಿ ಹಿಡಿಯಬೇಕು, ಯಾವುದನ್ನು ಕೈಬಿಡಬೇಕು ಎಂದು ಕೂತು ಹೊಂದಿಸುತ್ತಾರೆ. ರಾತ್ರಿ ಪರದೆಯ ಹಿಂದೆ ಹೆಡ್‌ಸೆಟ್ ಹಾಕಿಕೊಂಡು, ಮಾನಿಟರಿನಲ್ಲಿ, ಅವರು ಬೀಳುವುದನ್ನು ನೋಡುತ್ತಿರುತ್ತಾರೆ.